ಮುಖಕ್ಕೆ ಸೂಜಿ ಮುಟ್ಟಿಲ್ಲ

ಜೋತುಬಿದ್ದ ವಿಲೋ ಮರ, ಕೆಳಗೊಂದು ಸಮಾಧಿ, ಅದಕ್ಕೊರಗಿ ಅಳುತ್ತಿರೋ ಬಿಳಿ ನಿಲುವಂಗಿಯ ಹೆಂಗಸು. ಪೇಂಟಿಂಗ್ ಅಂದ್ಕೊಂಡ್ರಾ? ಇನ್ನೂ ಹತ್ತಿರ ಬನ್ನಿ. ಎಲೆ, ಹುಲ್ಲು, ಬಟ್ಟೆಯ ನೆರಿಗೆ, ಎಲ್ಲಾ ದಾರ! ರೇಷ್ಮೆ ಬಟ್ಟೆ ಮೇಲೆ ರೇಷ್ಮೆ ಎಳೆಯ ಕಸೂತಿ.

ಹಾಕಿದ್ದು ಅಮೆರಿಕದ ಶಾಲಾ ಹುಡುಗಿಯರು, 1800ರ ಆಸುಪಾಸಿನಲ್ಲಿ. ಉಳ್ಳವರ ಮನೆ ಮಕ್ಕಳೇ ಅನ್ನಿ, ರೇಷ್ಮೆ, ಫ್ರೇಮು, ಗಾಜು ಯಾವುದೂ ಅಗ್ಗವಲ್ಲ. 1799ರ ಡಿಸೆಂಬರ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ತೀರಿಕೊಂಡ ಮೇಲಂತೂ ಈ ಶೋಕಚಿತ್ರಗಳದ್ದೇ ಹುಚ್ಚು.

ಈಗ ಆ ಹೆಂಗಸಿನ ಮುಖ ನೋಡಿ. ಅಲ್ಲಿ ಒಂದು ಹೊಲಿಗೆಯೂ ಇಲ್ಲ. ಮುಖ, ಕೈ, ಆಕಾಶ ಜಲವರ್ಣದ್ದು. ಅದನ್ನು ಬರೀತಿದ್ದದ್ದು ಬಹಳ ಸಲ ಟೀಚರ್, ಇಲ್ಲಾ ದುಡ್ಡು ಕೊಟ್ಟು ಕರೆಸಿದ ಕಲಾವಿದ. ಫಿಲಡೆಲ್ಫಿಯಾದಲ್ಲಿ ಸ್ಯಾಮ್ಯುಯೆಲ್ ಫೋಲ್ವೆಲ್ ವಿನ್ಯಾಸ ಬರೆದುಕೊಡ್ತಿದ್ದ, ಅವನ ಹೆಂಡತಿ ಎಲಿಜಬೆತ್ ಕಸೂತಿ ಕಲಿಸ್ತಿದ್ದಳು. ಹಾಗಾದ್ರೆ ಇದು ಹುಡುಗಿಯ ಕೆಲಸ ಅಲ್ವಾ? ನನ್ನ ಕೇಳಿದ್ರೆ, ಖಂಡಿತ ಅವಳದ್ದೇ. ಒಂದೊಂದು ಎಲೆಗೂ ಹಸಿರು ಬದಲಾಯಿಸುತ್ತಾ ಕೂತಿದ್ದು ಅವಳು. ಎಷ್ಟೋ ಫ್ರೇಮ್‌ಗಳಲ್ಲಿ ಕಪ್ಪು ಗಾಜಿನ ಅಂಚಿನ ಮೇಲೆ ಚಿನ್ನದ ಅಕ್ಷರದಲ್ಲಿರೋದೂ ಅವಳ ಹೆಸರೇ.

ಕೆಲವು ಚಿತ್ರಗಳಲ್ಲಿ ಸಮಾಧಿಯ ಮೇಲೆ ಹೆಸರೇ ಇಲ್ಲ, ಬರೀ ಖಾಲಿ ಜಾಗ. ಮನೆಯಲ್ಲಿ ಯಾರೂ ಸಾಯದಿದ್ರೂ ಶೋಕಚಿತ್ರ ಹಾಕೋದು ಆಗಿನ ಫ್ಯಾಷನ್!

ರೇಷ್ಮೆಗೆ ಬೆಳಕೇ ಶತ್ರು. ಬಣ್ಣ ಮಾಸುತ್ತೆ, ಬಟ್ಟೆ ಸೀಳುತ್ತೆ. ನಿಮ್ಮನೆಯಲ್ಲೂ ಅಜ್ಜಿ ಹಾಕಿದ ಕಸೂತಿ ಫ್ರೇಮ್ ಇದ್ಯಾ? ಬಿಸಿಲು ಬೀಳೋ ಗೋಡೆಯಿಂದ ಇವತ್ತೇ ಇಳಿಸಿ.