‘ಕೃಪೆ: ಇಂಟರ್ನೆಟ್’ ಅಂದ್ರೆ ಯಾರು ಸ್ವಾಮಿ?

ಮಳೆಗಾಲ ಬಂದರೆ ಸಾಕು, ಶೆಟ್ಟಿಹಳ್ಳಿ ಚರ್ಚ್ ಫೋಟೊ ನಿಮ್ಮ ಮೊಬೈಲಿಗೆ ಬಂದೇ ಬರುತ್ತೆ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುತ್ತಲ್ಲ, ಅದೇ. ಅರಕಲಗೂಡಿನಿಂದಲೋ ಹಾಸನದಿಂದಲೋ ನಸುಕಿಗೇ ಹೊರಟು, ಮಂಜು ಸರಿಯೋವರೆಗೆ ಕಾದು ಯಾರೋ ತೆಗೆದ ಫೋಟೊ. ಅವರ ಹೆಸರು ಮಾತ್ರ ಎಲ್ಲೂ ಇರಲ್ಲ. ನಮ್ಮ ಟಿವಿಯವರದ್ದೂ ಒಂದು ಕೆಟ್ಟ ಚಾಳಿ, ಮೂಲೆಯಲ್ಲಿ ‘ಕೃಪೆ: ಇಂಟರ್ನೆಟ್’ ಅಂತ ಹಾಕಿ ಕೈತೊಳೆದುಕೊಳ್ಳೋದು. ಇಂಟರ್ನೆಟ್ ಏನು ಟ್ರೈಪಾಡ್ ಹೊತ್ತು ಕೆಸರಲ್ಲಿ ನಡೆದಿತ್ತಾ?

ತಮ್ಮ ಫೋಟೊ ಎಲ್ಲೆಲ್ಲಿ ಓಡಾಡ್ತಿದೆ ಅಂತ ಹಿಡಿಯೋಕೆ ಫೋಟೊಗ್ರಾಫರ್‌ಗಳಿಗೆ ಇರುವ ದಾರಿ ರಿವರ್ಸ್ ಇಮೇಜ್ ಸರ್ಚ್. ಪದದ ಬದಲು ಚಿತ್ರವನ್ನೇ ಕೊಟ್ಟು ಹುಡುಕೋದು. 2008ರಲ್ಲಿ ಟಿನ್‌ಐ ಬಂತು, 2011ರಲ್ಲಿ ಗೂಗಲ್ ಶುರುಮಾಡಿತು. ಕಂಪ್ಯೂಟರ್ ನಮ್ಮ ಹಾಗೆ ಫೋಟೊ ನೋಡಲ್ಲ, ಲೆಕ್ಕ ಹಾಕುತ್ತೆ. ಅತಿ ಸರಳ ವಿಧಾನ ಹೇಳ್ತೀನಿ (ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ): ಚಿತ್ರವನ್ನು ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿಗೆ ಕುಗ್ಗಿಸಿ, ಬಣ್ಣ ತೆಗೆಯಿರಿ. ಸರಾಸರಿಗಿಂತ ಬೆಳಕಿರುವ ಚುಕ್ಕಿಗೆ 1, ಕತ್ತಲಿದ್ದರೆ 0. ಒಟ್ಟು 64 ಅಂಕೆ. ಅದೇ ಆ ಚಿತ್ರದ ಬೆರಳಚ್ಚು. ಸೈಜ್ ಇಳಿಸಿದರೂ, ಬಣ್ಣ ಸ್ವಲ್ಪ ತಿದ್ದಿದರೂ ಅದು ಹೆಚ್ಚು ಬದಲಾಗಲ್ಲ. ಎಡ-ಬಲ ತಿರುಗಿಸಿದರೆ ಮಾತ್ರ ಈ ಲೆಕ್ಕ ಕೈಕೊಡುತ್ತೆ. ಕದಿಯೋರಿಗೂ ಇದು ಗೊತ್ತು. ಇನ್ನು ವಾಟ್ಸ್‌ಆ್ಯಪ್ ಗ್ರೂಪಿನೊಳಗೆ ಸುತ್ತೋ ಚಿತ್ರ ಯಾವ ಸರ್ಚಿಗೂ ಸಿಗಲ್ಲ.

ಸಿಕ್ಕಿತು ಅಂದುಕೊಳ್ಳಿ. ಅದು ನನ್ನದೇ ಅಂತ ತೋರಿಸೋದು ಹೇಗೆ? ಒಂದೇ ಕಮಾನನ್ನು ಒಂದೇ ಜಾಗದಲ್ಲಿ ನಿಂತು ನೂರು ಜನ ತೆಗೆದಿರ್ತಾರೆ. ಕ್ಯಾಮೆರಾದ ಮೂಲ ಫೈಲ್ ಜೋಪಾನವಾಗಿಡಿ; ದಿನ, ಗಂಟೆ ಅದರಲ್ಲೇ ಇರುತ್ತೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಅಂತ ಕಳಿಸಿದರೆ ಆ ವಿವರ ಉದುರಿಹೋಗುತ್ತೆ. ಶೆಟ್ಟಿಹಳ್ಳಿಗೆ ಇನ್ನೊಂದು ಸಾಕ್ಷಿಯೂ ಇದೆ. ಗೋಡೆಯ ಮೇಲೆ ನೀರು ಎಲ್ಲಿವರೆಗೆ ಏರಿದೆ ನೋಡಿ. ಏಪ್ರಿಲ್‌ನಲ್ಲಿ ತೆಗೆದೆ ಅನ್ನುವವನ ಫೋಟೊದಲ್ಲಿ ಕಿಟಕಿಮಟ್ಟ ನೀರಿದ್ದರೆ ಏನಂತೀರಿ?

ಕಾನೂನು ಫೋಟೊಗ್ರಾಫರ್ ಪರವೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿಗೆ ನೋಂದಣಿ ಕಡ್ಡಾಯವಲ್ಲ. ತೆಗೆದವರ ಜೀವಮಾನ, ನಂತರ 60 ವರ್ಷ ಅದು ಇರುತ್ತೆ. ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೊ ಮಾತ್ರ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಸ್ಟುಡಿಯೊದವರು ಇದನ್ನು ಮರೀತಾರೆ! ಬೇರೆಯವರು ಹಾಕಿದ್ದನ್ನು ತಲುಪಿಸುವ ತಾಣಕ್ಕೆ ಆಧಾರಸಹಿತ ಲಿಖಿತ ದೂರು ಕೊಟ್ಟರೆ, 2013ರ ನಿಯಮದಂತೆ 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. ಆದರೆ 21 ದಿನದೊಳಗೆ ನೀವು ಕೋರ್ಟ್ ಆದೇಶ ತರದಿದ್ದರೆ ಮತ್ತೆ ಹಾಕಬಹುದು.

ಇವತ್ತು ನನ್ನ ಹಿಂದಿನ ಪರದೆಯಲ್ಲಿ ಚರ್ಚ್ ಕಾಣ್ತಿದೆಯಲ್ಲ, ತೆಗೆದವರು ಫೋನಿನಲ್ಲಿ ‘ಹಾಕ್ಕೊಳ್ಳಿ’ ಅಂದಿದ್ದು ಸಂಜೆ ಆರಕ್ಕೆ. ಅಲ್ಲಿವರೆಗೆ ಆ ಜಾಗ ಖಾಲಿಯೇ ಇತ್ತು.