ಈರುಳ್ಳಿ ಸೀಮೆಯ ಮತ

ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಲಾಸಲ್‌ಗಾಂವ್, ಏಷ್ಯಾದಲ್ಲೇ ಅತಿ ದೊಡ್ಡ ಈರುಳ್ಳಿ ಮಾರುಕಟ್ಟೆಯೆಂದು ಹೆಸರಾದ ಊರು. ಇಲ್ಲಿನ ಹರಾಜಿನಲ್ಲಿ ದರ ಏರಿದರೆ ದೂರದ ನಗರಗಳ ಅಡುಗೆಮನೆಗೆ ಬಿಸಿ ತಟ್ಟುತ್ತದೆ. ಇಳಿದರೆ ಬೆಳೆದವನ ಸಾಲ ಏರುತ್ತದೆ. 1998ರ ದೆಹಲಿ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಸರ್ಕಾರ ಸೋತಾಗ ಈರುಳ್ಳಿಯ ದುಬಾರಿ ಬೆಲೆಯೇ ದೊಡ್ಡ ಮಾತಾಗಿತ್ತು. ಅದು ಕೊಳ್ಳುವವರ ಸಿಟ್ಟು. 2024ರಲ್ಲಿ ಸಿಟ್ಟಾಗುವ ಸರದಿ ಬೆಳೆಯುವವರದಾಯಿತು.

2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನು ನಿಷೇಧಿಸಿತು. ನಗರಗಳಲ್ಲಿ ಬೆಲೆ ಹಿಡಿತದಲ್ಲಿರಲಿ ಎಂಬುದು ಉದ್ದೇಶ. ಮುಂದಿನ ಏಪ್ರಿಲ್‌ನಲ್ಲಿ, ನಿಷೇಧ ಜಾರಿಯಲ್ಲಿದ್ದಾಗಲೇ, ಗುಜರಾತಿನಿಂದ 2,000 ಟನ್ ಬಿಳಿ ಈರುಳ್ಳಿ ಕಳಿಸಲು ಅನುಮತಿ ಸಿಕ್ಕಿತು. ನಾಸಿಕ್ ರೈತರಿಗೆ ಇದು ಗಾಯದ ಮೇಲಿನ ಉಪ್ಪು. ಮೇ 4ರಂದು ನಿಷೇಧ ತೆರವಾಯಿತಾದರೂ ಟನ್ನಿಗೆ ಕನಿಷ್ಠ 550 ಡಾಲರ್ ರಫ್ತು ಬೆಲೆ ಮತ್ತು ಶೇ 40ರ ಸುಂಕ ಉಳಿದವು. ಮೇ 15ರಂದು ಪಿಂಪಳ್‌ಗಾಂವ್ ಬಸವಂತದಲ್ಲಿ ಪ್ರಧಾನಿ ಭಾಷಣ ಮಾಡುತ್ತಿದ್ದಾಗ ಸಭೆಯೊಳಗಿನ ಯುವಕನೊಬ್ಬ ಈರುಳ್ಳಿ ಬಗ್ಗೆ ಮಾತಾಡಿ ಎಂದು ಕೂಗಿದ.

ಐದು ದಿನಗಳ ನಂತರ ಮತದಾನ. ಈರುಳ್ಳಿ, ದ್ರಾಕ್ಷಿ ಮತ್ತು ಆದಿವಾಸಿ ಬೆಟ್ಟಗಳ ದಿಂಡೋರಿ ಮೀಸಲು ಕ್ಷೇತ್ರದಲ್ಲಿ ಶೇ 66ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಪಕ್ಕದ, ನಗರವನ್ನೂ ಒಳಗೊಂಡ ನಾಸಿಕ್ ಕ್ಷೇತ್ರದಲ್ಲಿ ಶೇ 61ರ ಆಸುಪಾಸು. ದಿಂಡೋರಿಯಲ್ಲಿ ಆಗ ಕೇಂದ್ರದ ಆರೋಗ್ಯ ರಾಜ್ಯ ಸಚಿವೆಯಾಗಿದ್ದ ಬಿಜೆಪಿಯ ಭಾರತಿ ಪವಾರ್ ಅವರನ್ನು ಶಾಲಾ ಶಿಕ್ಷಕರಾಗಿದ್ದ, ಎನ್‌ಸಿಪಿಯ ಶರದ್ ಪವಾರ್ ಬಣದ ಭಾಸ್ಕರ್ ಭಗರೆ ಸುಮಾರು 1.13 ಲಕ್ಷ ಮತಗಳಿಂದ ಸೋಲಿಸಿದರು. ಅದೇ ಕ್ಷೇತ್ರದಲ್ಲಿ ಭಗರೆ ಎಂಬ ಅಡ್ಡಹೆಸರಿನ ಪಕ್ಷೇತರರೊಬ್ಬರು ಇದ್ದರು. ಭಾಸ್ಕರ್ ಅವರ ಗುರುತು ತುತ್ತೂರಿ ಊದುವ ಮನುಷ್ಯ, ಇವರ ಗುರುತು ಬರೀ ತುತ್ತೂರಿ. ಹೆಚ್ಚು ಪರಿಚಯವಿಲ್ಲದ ಈ ಅಭ್ಯರ್ಥಿಗೆ ಬಿದ್ದ ಮತ 1.03 ಲಕ್ಷ ದಾಟಿತು! ಇಂಥ ಗೊಂದಲವನ್ನೂ ಮೀರಿ ಗೆಲ್ಲುವಷ್ಟು ಒತ್ತಡ ಆ ಮತದಾನದ ಹಿಂದಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಗ್ರಾಮೀಣ ನಾಸಿಕ್ ಆಡಳಿತ ಪಕ್ಷದ ವಿರುದ್ಧ ವಾಲಿತು ಎಂದು ಬರೆದುಬಿಡಬಹುದು. ಆದರೆ ಆರು ತಿಂಗಳಲ್ಲಿ ಚಿತ್ರ ಬದಲಾಯಿತು. ನವೆಂಬರ್ 20ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ 15 ಕ್ಷೇತ್ರಗಳ ಪೈಕಿ 14 ರಾಜ್ಯದಲ್ಲಿ ಆಡಳಿತದಲ್ಲಿದ್ದ, ಬಿಜೆಪಿಯನ್ನು ಒಳಗೊಂಡ ಮಹಾಯುತಿ ಮೈತ್ರಿಕೂಟಕ್ಕೆ ಹೋದವು. ಸಿನ್ನರ್‌ನ ಉದಾಹರಣೆ ನೋಡಿ. ಲೋಕಸಭೆಗೆ ನಿಂತ ತನ್ನ ಮಾಜಿ ಶಾಸಕ, ಶಿವಸೇನೆಯ ಉದ್ಧವ್ ಬಣದ ರಾಜಾಭಾವು ವಾಜೆ ಅವರಿಗೆ ಈ ಒಂದೇ ತಾಲ್ಲೂಕು ಲಕ್ಷಕ್ಕೂ ಮೀರಿದ ಮುನ್ನಡೆ ಕೊಟ್ಟಿತ್ತು. ನವೆಂಬರ್‌ನಲ್ಲಿ ಅದೇ ಸಿನ್ನರ್ ಮಹಾಯುತಿಯಲ್ಲಿದ್ದ ಅಜಿತ್ ಪವಾರ್ ಬಣದ ಮಾಣಿಕರಾವ್ ಕೊಕಾಟೆ ಅವರನ್ನು ಆರಿಸಿತು.

ನಡುವೆ ಆದದ್ದೇನು? ಸೆಪ್ಟೆಂಬರ್‌ನಲ್ಲಿ ಕನಿಷ್ಠ ರಫ್ತು ಬೆಲೆ ಹೋಯಿತು, ಸುಂಕ ಶೇ 20ಕ್ಕಿಳಿಯಿತು. ‘ಲಾಡಕಿ ಬಹೀಣ್’ ಯೋಜನೆಯ ತಿಂಗಳಿಗೆ 1,500 ರೂಪಾಯಿ ಮಹಿಳೆಯರ ಖಾತೆಗೆ ಬರತೊಡಗಿತು. ರಾಜ್ಯದ ಮತದಾನ ಶೇ 66 ಮುಟ್ಟಿತು. 1995ರ ನಂತರ ವಿಧಾನಸಭೆಗೆ ಇಷ್ಟು ಮತ ಬಿದ್ದಿರಲಿಲ್ಲ. ಜಿಲ್ಲೆಯಲ್ಲಿ ಕಳವಣ್, ದಿಂಡೋರಿಯಂಥ ಆದಿವಾಸಿ ಕ್ಷೇತ್ರಗಳು ಶೇ 78ರ ಹತ್ತಿರ ಹೋದರೆ ನಾಸಿಕ್ ನಗರದ ಕ್ಷೇತ್ರಗಳು 60ನ್ನೂ ದಾಟಲಿಲ್ಲ. ಕನ್ನಡಿಗರಿಗೆ ಇದು ಹೊಸತಲ್ಲ: 2023ರಲ್ಲಿ ಕರ್ನಾಟಕದ ಒಟ್ಟು ಮತದಾನ ಶೇ 73 ಇದ್ದಾಗ ಬೆಂಗಳೂರು 55ರ ಸುತ್ತಲೇ ತೆವಳಿತ್ತು.

ಕಳವಣ್, ಸುರ್ಗಾಣಾ ಕಡೆಯ ಜನ ಮತಗಟ್ಟೆಗೆ ಹೋಗುವುದು ಬರೀ ಅಭ್ಯಾಸದಿಂದಲ್ಲ. ಅರಣ್ಯ ಹಕ್ಕಿನ ಪಟ್ಟಾ ಕೇಳುತ್ತ 2018ರ ಮಾರ್ಚ್‌ನಲ್ಲಿ ನಾಸಿಕ್‌ನಿಂದ ಮುಂಬೈಗೆ ಸುಮಾರು 180 ಕಿಲೋಮೀಟರ್ ನಡೆದವರಲ್ಲಿ ಅವರೇ ಹೆಚ್ಚು. ಆಗ ಕಳವಣ್ ಶಾಸಕರಾಗಿದ್ದ ಸಿಪಿಎಂನ ಜೆ.ಪಿ. ಗಾವಿತ್ ಆ ನಡಿಗೆಯ ಮುಂಚೂಣಿಯಲ್ಲಿದ್ದರು. ಮರುವರ್ಷ ಅದೇ ಕ್ಷೇತ್ರ ಅವರನ್ನು ಸೋಲಿಸಿತು. ಹೋರಾಟಕ್ಕೆ ಒಬ್ಬರು, ವಿಧಾನಸಭೆಗೆ ಇನ್ನೊಬ್ಬರು ಎಂದು ಆಯ್ದುಕೊಳ್ಳುವ ಮತದಾರರನ್ನು ಯಾವ ಪಕ್ಷದ ಠೇವಣಿಯೆಂದೂ ಎಣಿಸಲಾಗದು.

ಪೂರ್ವಕ್ಕೆ, ಛತ್ರಪತಿ ಸಂಭಾಜಿನಗರದಲ್ಲಿ ಲೆಕ್ಕ ಬೇರೆ. ಜಿಲ್ಲೆಯ ಹೆಸರು 2023ರಲ್ಲಿ ಬದಲಾದರೂ ಲೋಕಸಭಾ ಕ್ಷೇತ್ರ ಇನ್ನೂ ಔರಂಗಾಬಾದ್. 2019ರಲ್ಲಿ ಅಲ್ಲಿ ಎಂಐಎಂನ ಇಮ್ತಿಯಾಜ್ ಜಲೀಲ್ ಗೆದ್ದದ್ದು 4,492 ಮತಗಳಿಂದ. ಮರಾಠಾ ಮೀಸಲಾತಿಗಾಗಿ ಶಾಸಕ ಸ್ಥಾನ ಬಿಟ್ಟಿದ್ದ ಕನ್ನಡ್ ತಾಲ್ಲೂಕಿನ ಹರ್ಷವರ್ಧನ್ ಜಾಧವ್ ಪಕ್ಷೇತರರಾಗಿ ನಿಂತು 2.83 ಲಕ್ಷ ಮತ ಪಡೆದದ್ದರಿಂದ ನಾಲ್ಕು ಬಾರಿಯ ಶಿವಸೇನಾ ಸಂಸದ ಚಂದ್ರಕಾಂತ್ ಖೈರೆ ಸೋತರು. 2024ರ ಲೋಕಸಭೆಯಲ್ಲೂ ಮೀಸಲಾತಿಯ ಬಿಸಿ ಆರಿರಲಿಲ್ಲ: ಸಿಲ್ಲೋಡ್, ಫುಲಂಬ್ರಿ, ಪೈಠಣ್‌ಗಳನ್ನು ಒಳಗೊಂಡ ಜಾಲ್ನಾದಲ್ಲಿ ಸತತ ಐದು ಬಾರಿ ಗೆದ್ದಿದ್ದ ಬಿಜೆಪಿಯ ರಾವಸಾಹೇಬ್ ದಾನವೆ ಸೋತರು. ನವೆಂಬರ್ ಹೊತ್ತಿಗೆ ಇಲ್ಲೂ ಗಾಳಿ ತಿರುಗಿ ಸಂಭಾಜಿನಗರ ಜಿಲ್ಲೆಯ ಒಂಬತ್ತಕ್ಕೆ ಒಂಬತ್ತು ವಿಧಾನಸಭಾ ಕ್ಷೇತ್ರಗಳೂ ಮಹಾಯುತಿಯ ಪಾಲಾದವು. ಆದರೂ ಸುಮಾರು ಶೇ 80 ಮತದಾನವಾದ ಸಿಲ್ಲೋಡ್‌ನಲ್ಲಿ ಅಂತರ ಕೇವಲ 2,420. ನಾಸಿಕ್ ಜಿಲ್ಲೆಯ ಮಾಲೇಗಾಂವ್ ಸೆಂಟ್ರಲ್‌ನಲ್ಲಂತೂ ಗೆಲುವನ್ನು ನಿರ್ಧರಿಸಿದ್ದು ಬರೀ 162 ಮತ.

ಅಂತರ ಇಷ್ಟು ತೆಳುವಾಗಿರುವಲ್ಲಿ, ಮತಗಟ್ಟೆಗೆ ಬರಲಾಗದವರ ಲೆಕ್ಕವನ್ನೂ ಇಡಬೇಕು. ಮಹಾರಾಷ್ಟ್ರದಲ್ಲಿ 2024ರ ಕಬ್ಬು ಅರೆಯುವ ಹಂಗಾಮು ಆರಂಭವಾಗಬೇಕಿದ್ದದ್ದು ನವೆಂಬರ್ 15ಕ್ಕೆ, ಮತದಾನಕ್ಕೆ ಐದೇ ದಿನ ಮುಂಚೆ. ಮರಾಠವಾಡಾದ ಕಬ್ಬು ಕಡಿಯುವ ಕುಟುಂಬಗಳು ಪ್ರತಿ ವರ್ಷ ಪಶ್ಚಿಮ ಮಹಾರಾಷ್ಟ್ರಕ್ಕೆ, ನಮ್ಮ ಬೆಳಗಾವಿ, ಬಾಗಲಕೋಟೆಯ ಗದ್ದೆಗಳಿಗೂ ಗುಳೆ ಬರುತ್ತವೆ. ಹೆಸರು ಊರಿನ ಪಟ್ಟಿಯಲ್ಲಿ, ದುಡಿಮೆ ನೂರಾರು ಮೈಲಿ ದೂರದಲ್ಲಿ. ಒಂದು ದಿನದ ಕೂಲಿ ಬಿಟ್ಟು ಬಸ್ ಹಿಡಿಯುವುದು ಮುಂಗಡ ಸಾಲಕ್ಕೆ ದುಡಿಯುವವರಿಗೆ ಆಗದ ಮಾತು. ಇಂಥ ವಲಸಿಗರಿಗಾಗಿ ಚುನಾವಣಾ ಆಯೋಗ ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳಿಗೆ ಮತ ಹಾಕಬಲ್ಲ ದೂರ ಮತಯಂತ್ರದ ಮಾದರಿಯನ್ನು ಸಿದ್ಧಪಡಿಸಿ, 2023ರ ಜನವರಿ 16ರಂದು ರಾಜಕೀಯ ಪಕ್ಷಗಳನ್ನು ಕರೆದಿತ್ತು. ವಿರೋಧ ಪಕ್ಷಗಳು ಆಕ್ಷೇಪ ಎತ್ತಿದವು. 2024ರ ಎರಡೂ ಚುನಾವಣೆಗಳು ಆ ಯಂತ್ರವಿಲ್ಲದೆಯೇ ನಡೆದವು.