ಮುದ್ದಣನ ಊರಿನ ದಾರಿಯಲ್ಲಿ

ಕಾರ್ಕಳದಿಂದ ಬೆಳ್ಮಣ್ಣಿನ ಕಡೆಗೆ ಹೋಗುವ ಬಸ್ಸು ನಿಟ್ಟೆಯಲ್ಲಿ ನಿಂತಿತೆಂದರೆ ವಿದ್ಯಾರ್ಥಿಗಳ ಹಿಂಡು ಗಲಗಲನೆ ಇಳಿದುಹೋಗುತ್ತದೆ. ಆಮೇಲೆ ಉಳಿಯುವವರು ನನ್ನಂಥ ಮುದುಕರು, ಬುಟ್ಟಿ ಚೀಲಗಳವರು. ಅಲ್ಲಿಂದ ನಂದಳಿಕೆಗೆ ಹೆಚ್ಚು ದೂರವಿಲ್ಲ. ಆ ಹೆಸರನ್ನು ಕೇಳಿದ ಕನ್ನಡಿಗನಿಗೆ ಮುದ್ದಣ ನೆನಪಾಗದಿರುವುದಿಲ್ಲ. ನನಗೋ ಈಚೆಗೆ ಅವನ ಕಾವ್ಯಕ್ಕಿಂತ ಅವನ ಕಾಯಿಲೆಯೇ ಹೆಚ್ಚಾಗಿ ನೆನಪಾಗುತ್ತಿದೆ.

ನಂದಳಿಕೆಯ ಲಕ್ಷ್ಮೀನಾರಣಪ್ಪ ಹುಟ್ಟಿದ್ದು 1870ರಲ್ಲಿ. ಕ್ಷಯದಿಂದ ತೀರಿಕೊಂಡದ್ದು 1901ರಲ್ಲಿ. ‘ಶ್ರೀರಾಮಾಶ್ವಮೇಧ’ವನ್ನು ಬರೆದ ಈ ಕವಿ ಹೊಟ್ಟೆಪಾಡಿಗೆ ಮಾಡುತ್ತಿದ್ದುದು ವ್ಯಾಯಾಮದ ಮೇಷ್ಟರ ಕೆಲಸ. ಮಕ್ಕಳ ಮೈಯನ್ನು ಗಟ್ಟಿಮಾಡುವುದೇ ವೃತ್ತಿಯಾಗಿದ್ದವನ ಮೈಯನ್ನು ಈ ರೋಗ ಸವೆಸಿಬಿಟ್ಟಿತು. ಅವನು ಹನ್ನೆರಡರ ಹುಡುಗನಾಗಿದ್ದಾಗ, 1882ರ ಮಾರ್ಚ್ 24ರಂದು, ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ಲೋಕಕ್ಕೆ ಸಾರಿದ್ದನು. ಶತ್ರು ಯಾರೆಂದು ತಿಳಿಯಿತು. ಆದರೆ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಅಷ್ಟು ಕಾಲ ಕಾಯುವುದು ಮುದ್ದಣನ ಹಣೆಯಲ್ಲಿ ಬರೆದಿರಲಿಲ್ಲ.

ಈ ಚಿಂತೆ ನನ್ನನ್ನು ಹಿಡಿದದ್ದಕ್ಕೆ ಕಾರಣವಿದೆ. ಕೆಲವು ವರ್ಷಗಳಿಂದ ನನಗೆ ಕೀಲುವಾತ. ಬೆರಳ ಗೆಣ್ಣುಗಳು ಬಾತು, ಬೆಳಗಿನ ಹೊತ್ತು ಲೇಖನಿ ಹಿಡಿಯುವುದೇ ಕಷ್ಟ. ಹೊಸದೊಂದು ಸೂಜಿಮದ್ದನ್ನು ಕೊಡಬಹುದೆಂದ ವೈದ್ಯರು ಅದಕ್ಕೆ ಮುನ್ನ ಕೇಳಿದರು: “ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ?” ನಾನು ತಡಮಾಡದೆ “ಇಲ್ಲ” ಎಂದೆ. ಹೇಳಿದ ಮೇಲೆ ಹೊಳೆಯಿತು, ಅದು ನನ್ನ ಉತ್ತರವಲ್ಲ, ನಮ್ಮ ಮನೆಯವರ ಉತ್ತರ ಎಂದು. ನಾನು ಚಿಕ್ಕವನಾಗಿದ್ದಾಗ ದೊಡ್ಡಪ್ಪ ಹಿತ್ತಲ ಕಡೆಯ ಕೋಣೆಯಲ್ಲಿ ಕೆಮ್ಮುತ್ತಿದ್ದರು. ಅವರ ತಟ್ಟೆ ಲೋಟ ಬೇರೆ. ಗಂಜಿಯನ್ನು ಬಾಗಿಲವರೆಗೆ ಒಯ್ದಿಡುವ ಕೆಲಸ ನನ್ನದು. ಕೇಳಿದವರಿಗೆ “ದಮ್ಮು” ಎನ್ನಬೇಕೆಂದು ಅಜ್ಜಿ ಕಲಿಸಿದ್ದರು. ಮನೆಯಲ್ಲಿ ಮದುವೆಗಿದ್ದ ಹೆಣ್ಣುಮಕ್ಕಳಿದ್ದರು.

ನಾಲಗೆ ಮುಚ್ಚಿಟ್ಟದ್ದನ್ನು ನೆತ್ತರು ಹೇಳಿತು. ಪರೀಕ್ಷೆ ಬಲು ಸೊಗಸಾದದ್ದು. ನಮ್ಮ ರಕ್ತವನ್ನು ತೆಗೆದು ಕ್ಷಯದ ರೋಗಾಣುವಿನ ಒಂದೆರಡು ಚೂರುಗಳೊಡನೆ ಒಂದು ರಾತ್ರಿ ಇಡುತ್ತಾರೆ. ಹಿಂದೆಂದಾದರೂ ಆ ಶತ್ರುವನ್ನು ಕಂಡ ರಕ್ತಕಣಗಳಿದ್ದರೆ ಅವು ಗುರುತು ಹಿಡಿದು ಇಂಟರ್‌ಫೆರಾನ್ ಗಾಮಾ ಎಂಬ ದ್ರವ್ಯವನ್ನು ಸುರಿಸುತ್ತವೆ. ನನ್ನ ರಕ್ತ ಗುರುತು ಹಿಡಿದಿತ್ತು. ರೋಗಾಣು ಬಂದದ್ದು ದೊಡ್ಡಪ್ಪನಿಂದಲೇ ಎಂದು ಹೇಳಲಾಗದು. ನಮ್ಮ ದೇಶದಲ್ಲಿ ಅದನ್ನು ಯಾವ ಬಸ್ಸಿನಲ್ಲಿಯೂ ಉಸಿರಾಡಬಹುದು. ಲೋಕದ ಜನರಲ್ಲಿ ಸುಮಾರು ಕಾಲು ಪಾಲಿಗೆ ಈ ಸೋಂಕು ತಗಲಿದೆಯೆಂದು ಅಂದಾಜು. ಹಾಗಿದ್ದೂ ಅವರಲ್ಲಿ ರೋಗ ಬೀಳುವವರು ಬಾಳಿನುದ್ದಕ್ಕೂ ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ.

ಉಳಿದವರನ್ನು ಕಾಯುವುದು ಸೈಟೋಕೈನುಗಳು, ಎಂದರೆ ಜೀವಕಣಗಳು ಒಂದಕ್ಕೊಂದು ಕಳುಹಿಸುವ ಓಲೆಗಳು. ಪುಪ್ಪುಸಕ್ಕೆ ಬಂದ ರೋಗಾಣುವನ್ನು ಭಕ್ಷಕ ಕಣ ನುಂಗುತ್ತದೆ. ಆದರೆ ಈ ಧೂರ್ತ ನುಂಗಿದವನ ಹೊಟ್ಟೆಯಲ್ಲಿಯೇ ಜೀರ್ಣವಾಗದೆ ಬಿಡಾರ ಹೂಡುತ್ತದೆ. ಆಗ ಇಂಟರ್‌ಲ್ಯೂಕಿನ್ 12 ಎಂಬ ಓಲೆ ಟಿ ಕಣಗಳಿಗೆ ಹೋಗುತ್ತದೆ. ಅವು ಇಂಟರ್‌ಫೆರಾನ್ ಗಾಮಾವನ್ನು ಕಳುಹಿಸಿ ಭಕ್ಷಕ ಕಣವನ್ನು ಕೆರಳಿಸುತ್ತವೆ. ಟಿ.ಎನ್.ಎಫ್. ಎಂಬ ಇನ್ನೊಂದು ದ್ರವ್ಯ ರೋಗಾಣುವಿನ ಸುತ್ತ ಕಣಗಳ ಕೋಟೆಯನ್ನು ಕಟ್ಟಿ ಉಳಿಸಿಕೊಳ್ಳುತ್ತದೆ. ಇಂಟರ್‌ಲ್ಯೂಕಿನ್ 10 ಈ ಕೋಪವನ್ನು ತಣಿಸುವ ಹಿರಿಯ. ಅದರ ಮಾತು ಹೆಚ್ಚಾದರೆ ರೋಗಾಣುವಿಗೆ ಅನುಕೂಲ. ತೀರ ಕಡಿಮೆಯಾದರೆ ನಮ್ಮ ಪುಪ್ಪುಸಕ್ಕೇ ಹಾನಿ. ಕುಷ್ಠದಲ್ಲಿಯೂ ಹೀಗೆಯೇ: ಇಂಟರ್‌ಫೆರಾನ್ ಮೇಲಾದವನಲ್ಲಿ ಮಚ್ಚೆಗಳು ಕೆಲವೇ, ಇಂಟರ್‌ಲ್ಯೂಕಿನ್ 4 ಮತ್ತು 10 ಮೇಲಾದವನ ಮೈತುಂಬ ರೋಗಾಣು. ಕೋವಿಡ್ಡಿನ ದಿನಗಳಲ್ಲಿ ಸೈಟೋಕೈನ್ ಬಿರುಗಾಳಿಯೆಂಬ ಮಾತನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ.

ನನ್ನ ಕೀಲುಗಳಲ್ಲಿ ಉರಿಯೆಬ್ಬಿಸುತ್ತಿರುವುದೂ ಅದೇ ಟಿ.ಎನ್.ಎಫ್. ಅದನ್ನು ಅಡಗಿಸುವ ಸೂಜಿಮದ್ದು ಕೋಟೆಯ ಕಲ್ಲನ್ನೂ ಸಡಿಲಿಸುತ್ತದೆ. ಅಂಥ ಒಂದು ಮದ್ದನ್ನು ಪಡೆದವರಲ್ಲಿ 70 ಮಂದಿಗೆ ಕ್ಷಯ ಕಾಣಿಸಿಕೊಂಡ ಸಂಗತಿ 2001ರಲ್ಲಿ ವರದಿಯಾಯಿತು. ಅಂದಿನಿಂದ ಈ ಪರೀಕ್ಷೆ, ಈ ಪ್ರಶ್ನೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. ಟಿ.ಎನ್.ಎಫ್.ಗೆ ಹಿಂದೆ ಕಚೆಕ್ಟಿನ್ ಎಂಬ ಹೆಸರೂ ಇತ್ತು. ಮೈಯನ್ನು ಕರಗಿಸುವಂಥದು ಎಂಬ ಅರ್ಥದಲ್ಲಿ ಇಟ್ಟ ಹೆಸರು. ಎರಡೂ ಒಂದೇ ಎಂದು ಗೊತ್ತಾದದ್ದು 1985ರಲ್ಲಿ. ನಮ್ಮ ಪೂರ್ವಿಕರು ಕ್ಷಯವೆಂದು ಕರೆದಾಗ ಅವರ ಕಣ್ಣಿಗೆ ಬಿದ್ದದ್ದು ರೋಗಾಣುವಲ್ಲ, ಸವೆಯುವ ಮೈ. ದೊಡ್ಡಪ್ಪನ ಎದೆಗೂಡನ್ನು ನೋಡಿದ ನನಗೆ ಆ ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾಗಿರಲಿಲ್ಲ. ಅವರನ್ನು ಕರಗಿಸಿದ್ದರಲ್ಲಿ ರೋಗಾಣುವಿನ ಪಾಲೆಷ್ಟೋ, ಅದರೊಡನೆ ಕಾದಾಡಿದ ಅವರದೇ ದೇಹದ ಪಾಲೆಷ್ಟೋ! ಮುದ್ದಣನದೂ ಅದೇ ಕಥೆಯಿರಬಹುದು.

ವೈದ್ಯರು ವಾರಕ್ಕೊಮ್ಮೆಯಂತೆ 12 ವಾರಗಳ ಗುಳಿಗೆ ಬರೆದುಕೊಟ್ಟಿದ್ದಾರೆ. ಒಂದು ತಿಂಗಳಾದರೂ ಕಳೆಯದೆ ಸೂಜಿಮದ್ದಿಲ್ಲ. ಇಂದು ಮೂರನೆಯ ಭಾನುವಾರ. ಬೆರಳುಗಳು ನೋಯುತ್ತಿವೆ, ಬರವಣಿಗೆ ನಿಧಾನ. ಮುಂದಿನ ವಾರ ಹೋದಾಗ ದೊಡ್ಡಪ್ಪನ ಸಂಗತಿಯನ್ನು ಅವರಿಗೆ ಹೇಳಬೇಕೆಂದಿದ್ದೇನೆ, ದಮ್ಮು ಎನ್ನದೆ.